ಹೆಸರು ಒಂದು, ಕ್ಯಾಮೆರಾ ಎರಡು

ಸೋನಿ ಆರ್‌ಎಕ್ಸ್100 ಕೊಳ್ಳಬೇಕೆಂದಿದ್ದೇನೆ, ಯಾವುದನ್ನು ಕೊಳ್ಳಲಿ ಎಂದು ಕೇಳುವವರು ಈಗಲೂ ಇದ್ದಾರೆ. ಪ್ರಶ್ನೆ ಚಿಕ್ಕದು. ಆದರೆ ಆ ಹೆಸರಿನಲ್ಲಿ ಏಳು ಕ್ಯಾಮೆರಾಗಳಿವೆ. ನಡುವೆ ಸದ್ದಿಲ್ಲದೆ ಬಂದು ಸೇರಿಕೊಂಡ ‘5ಎ’ಯನ್ನೂ ಲೆಕ್ಕಕ್ಕೆ ಹಿಡಿದರೆ ಎಂಟು. ಮೊದಲನೆಯದು 2012ರ ಜೂನ್‌ನಲ್ಲಿ ಪ್ರಕಟವಾಯಿತು, ಏಳನೆಯದು 2019ರ ಜುಲೈಯಲ್ಲಿ. ಎಲ್ಲಕ್ಕೂ ಅದೇ ಕಪ್ಪು ಲೋಹದ ಮೈ, ಅದೇ ಝೈಸ್ ಮುದ್ರೆ, ಹಿಂಬದಿಯ ಗುಂಡಿಗಳೂ ಹೆಚ್ಚುಕಡಿಮೆ ಅವೇ. ಹೊಸದು ಬಂದಾಗ ಹಳೆಯದನ್ನು ಅಂಗಡಿಯಿಂದ ತೆಗೆದುಬಿಡುವುದು ಕ್ಯಾಮೆರಾ ಕಂಪನಿಗಳ ವಾಡಿಕೆ. ಸೋನಿ ಹಾಗೆ ಮಾಡಲಿಲ್ಲ. ಹಳೆಯದನ್ನೂ ಹೊಸದನ್ನೂ ವರ್ಷಗಟ್ಟಲೆ ಒಂದೇ ಕಪಾಟಿನಲ್ಲಿಟ್ಟು ಮಾರಿತು. ಅಮೆರಿಕದಲ್ಲಿ ಮೊದಲನೆಯದರ ಬಿಡುಗಡೆಯ ಬೆಲೆ 650 ಡಾಲರ್. ಆಮೇಲೆ ಕ್ರಮವಾಗಿ 750, 800, 950, 1000. ಆರು ಮತ್ತು ಏಳಕ್ಕೆ ತಲಾ 1200.

ಹೀಗೆ ಬೆಲೆಯೂ ಅಂಕಿಯೂ ಜೊತೆಜೊತೆಗೆ ಏರುತ್ತಿದ್ದರೆ ಕೊಳ್ಳುವವರು ಮಾಡುವುದೇನು? ಜೇಬು ಮುಟ್ಟಿ ನೋಡಿಕೊಂಡು, ಕೈಗೆಟುಕುವ ಅತಿ ದೊಡ್ಡ ಅಂಕಿಯನ್ನು ಕೇಳುತ್ತಾರೆ. ಅದರೊಳಗೇ ಎಡವಟ್ಟಿದೆ. ಸಿಟಿ ಬಸ್ಸಿನ ನಂಬರ್ ದೊಡ್ಡದಾದ ಮಾತ್ರಕ್ಕೆ ಅದು ನಿಮ್ಮ ಊರಿನ ತನಕ ಹೋಗುತ್ತದೆ ಎನ್ನುವ ಖಾತರಿ ಏನಿದೆ? ಇಲ್ಲೂ ಮೂರರಿಂದ ಐದರವರೆಗಿನದು ಒಂದು ದಾರಿ, ಆರು-ಏಳರದು ಬೇರೆಯೇ ದಾರಿ. ಐದರಿಂದ ಆರಕ್ಕೆ ಹೋದವರಿಗೆ ಸಿಕ್ಕಿದ್ದು ಎಷ್ಟೋ, ಕಳೆದುಕೊಂಡದ್ದೂ ಸುಮಾರು ಅಷ್ಟೇ. ಪೆಟ್ಟಿಗೆಯ ಮೇಲೆ ಸಿಕ್ಕಿದ್ದರ ಪಟ್ಟಿ ಮಾತ್ರ ಅಚ್ಚಾಗಿರುತ್ತದೆ.

ಮೊದಲಿಗೆ, ಕೈಯಲ್ಲಿ ಒಳ್ಳೆಯ ಫೋನ್ ಇರುವಾಗ ಇಂಥ ಕ್ಯಾಮೆರಾ ಏಕೆ ಎಂಬ ಮಾತು. ಕಾಂಪ್ಯಾಕ್ಟ್ ಕ್ಯಾಮೆರಾಗಳ ಮಾರಾಟ ತುತ್ತತುದಿ ಮುಟ್ಟಿದ್ದು 2008ರಲ್ಲಿ; ಜಗತ್ತಿನಾದ್ಯಂತ ಆ ವರ್ಷ ಸರಬರಾಜಾದದ್ದು ಹತ್ತಿರ ಹತ್ತಿರ 11 ಕೋಟಿ. 2023ರ ಹೊತ್ತಿಗೆ ಅದು 20 ಲಕ್ಷಕ್ಕಿಂತ ಕೆಳಗೆ ಬಿತ್ತು. ಫೋನ್ ತಿಂದುಹಾಕಿದ ವ್ಯಾಪಾರ ಇದು. ಆರ್‌ಎಕ್ಸ್100 ಹುಟ್ಟಿದ್ದು ಆ ಕುಸಿತದ ನಡುವೆಯೇ, ಫೋನಿನ ಕೈಲಿ ಆಗದ್ದನ್ನು ಮಾಡಿ ತೋರಿಸುವ ಹಟದಿಂದ. ಅದರ ಅಸ್ತ್ರ ಸೆನ್ಸರ್. ಆಗಿನ ಮಾಮೂಲಿ ಜೇಬಿನ ಕ್ಯಾಮೆರಾಗಳ ಸೆನ್ಸರ್ ಅಗಲ ಸುಮಾರು 6.2 ಮಿ.ಮೀ., ಎತ್ತರ 4.6 ಮಿ.ಮೀ. ಆರ್‌ಎಕ್ಸ್100ರಲ್ಲಿ ಅದು 13.2 ಮತ್ತು 8.8. ವಿಸ್ತೀರ್ಣದಲ್ಲಿ ನಾಲ್ಕು ಪಟ್ಟು. ಇಷ್ಟನ್ನು 240 ಗ್ರಾಂ ತೂಕದ, 36 ಮಿ.ಮೀ. ದಪ್ಪದ ಡಬ್ಬಿಯೊಳಗೆ ಕೂರಿಸಿದ್ದು 2012ರಲ್ಲಿ ನಿಜಕ್ಕೂ ಬೆರಗು ಹುಟ್ಟಿಸುವ ಕೆಲಸವಾಗಿತ್ತು.

ಇದನ್ನು ‘ಒಂದು ಇಂಚಿನ ಸೆನ್ಸರ್’ ಎಂದು ಕರೆಯುತ್ತಾರೆ. ಸ್ಕೇಲ್ ಹಿಡಿದು ಅಳೆದರೆ ಮೂಲೆಯಿಂದ ಮೂಲೆಗೆ 16 ಮಿ.ಮೀ. ಕೂಡ ತುಂಬುವುದಿಲ್ಲ, ಇಂಚು ಎಂದರೆ 25.4. ಹಳೆಯ ಟಿ.ವಿ. ಕ್ಯಾಮೆರಾಗಳ ಗಾಜಿನ ಕೊಳವೆಯ ಹೊರಸುತ್ತಿನ ವ್ಯಾಸವನ್ನು ಅಳತೆಯಾಗಿ ಹೇಳುತ್ತಿದ್ದ ಕಾಲದ ಉಳಿಕೆ ಅದು. ಕೊಳವೆ ಒಂದು ಇಂಚು ದಪ್ಪವಿದ್ದರೆ ಅದರೊಳಗೆ ಚಿತ್ರ ಬೀಳುವ ಜಾಗ ಮೂರರಲ್ಲಿ ಎರಡು ಭಾಗ. ಕೊಳವೆ ಹೋಗಿ ಎಷ್ಟೋ ಕಾಲವಾಯಿತು, ಅಳತೆ ಮಾತ್ರ ಉಳಿದಿದೆ. ದೊಡ್ಡದಾಗಿ ಕೇಳಿಸುತ್ತದಲ್ಲ, ಕಂಪನಿಗಳಿಗೂ ಅದನ್ನು ಬಿಡುವ ಅವಸರವಿಲ್ಲ.

ಈಗ ಫೋನುಗಳಿಗೂ ಈ ಅಳತೆಯ ಸೆನ್ಸರ್ ಬಂದಿದೆ. ಸೋನಿಯೇ 2021ರಲ್ಲಿ ಎಕ್ಸ್‌ಪೀರಿಯಾ ಪ್ರೊ-ಐ ಎಂಬ ಫೋನಿಗೆ ಆರ್‌ಎಕ್ಸ್100ರ ಏಳನೆಯದರ ಸೆನ್ಸರನ್ನು ಹೊಂದಿಸಿ ಹಾಕಿತು. ಆದರೆ ಫೋನಿನ ತೆಳ್ಳನೆಯ ಮೈಯಲ್ಲಿ ಕೂರುವ ಲೆನ್ಸಿಗೆ ಅಷ್ಟೂ ಸೆನ್ಸರಿನ ಮೇಲೆ ಬೆಳಕು ಚೆಲ್ಲಲು ಆಗಲಿಲ್ಲ. 20 ಮೆಗಾಪಿಕ್ಸೆಲ್ ಇದ್ದರೂ ಬಳಕೆಗೆ ಬಂದದ್ದು ನಡುವಿನ 12. ಸೆನ್ಸರ್ ದೊಡ್ಡದಾದರೆ ಲೆನ್ಸ್ ಹೊರಗೆ ಚಾಚಲೇಬೇಕು, ಅದರಿಂದ ತಪ್ಪಿಸಿಕೊಳ್ಳುವ ಹಾದಿಯಿಲ್ಲ. ಆರ್‌ಎಕ್ಸ್100 ಕೊಳ್ಳುವವರು ಹಣ ಕೊಡುವುದು ಹೀಗೆ ಚಾಚಿಕೊಳ್ಳುವ ಲೆನ್ಸಿಗೆ, ಅದರ ನಿಜವಾದ ಜೂಮಿಗೆ. ಹಾಗಾಗಿ ಯಾವುದನ್ನು ಕೊಳ್ಳಬೇಕೆಂಬ ಲೆಕ್ಕ ಲೆನ್ಸಿನಿಂದಲೇ ಶುರುವಾಗಬೇಕು.

ಏಳು ಕ್ಯಾಮೆರಾಗಳಿಗೆ ಲೆನ್ಸ್ ಇರುವುದು ಮೂರೇ. ಒಂದು ಮತ್ತು ಎರಡರಲ್ಲಿ 28ರಿಂದ 100 ಮಿ.ಮೀ. (ಇಲ್ಲಿ ಹೇಳುವ ಮಿ.ಮೀ. ಎಲ್ಲವೂ ಹಳೆಯ 35 ಮಿ.ಮೀ. ಫಿಲ್ಮಿನ ಲೆಕ್ಕದವು), ಎಫ್/1.8ರಿಂದ 4.9. ಮೂರು, ನಾಲ್ಕು, ಐದು ಮತ್ತು 5ಎಯಲ್ಲಿ 24ರಿಂದ 70, ಎಫ್/1.8ರಿಂದ 2.8. ಆರು ಮತ್ತು ಏಳರಲ್ಲಿ 24ರಿಂದ 200, ಎಫ್/2.8ರಿಂದ 4.5. ಈ ಮೂರು ಸಾಲನ್ನು ಬರೆದಿಟ್ಟುಕೊಂಡರೆ ಆಯ್ಕೆಯ ಮುಕ್ಕಾಲು ಪಾಲು ಮುಗಿದಂತೆ.

ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ಎಷ್ಟು ಹೆಚ್ಚು ಎಂಬುದಕ್ಕೆ ಎರಡು ಸಂಖ್ಯೆಗಳನ್ನು ಭಾಗಿಸಿ ವರ್ಗ ಮಾಡಬೇಕು. 2.8ನ್ನು 1.8ರಿಂದ ಭಾಗಿಸಿ ವರ್ಗ ಮಾಡಿದರೆ ಸುಮಾರು 2.4. ಅಂದರೆ 24 ಮಿ.ಮೀ.ಯಲ್ಲಿ ಮೂರನೆಯದರ ಲೆನ್ಸ್ ಏಳನೆಯದಕ್ಕಿಂತ 2.4 ಪಟ್ಟು ಬೆಳಕು ಕುಡಿಯುತ್ತದೆ. ಹಳೆಯ ಕ್ಯಾಮೆರಾ, ಮೂರರಲ್ಲಿ ಎರಡು ಪಾಲು ಬೆಲೆ, ಎರಡೂಕಾಲು ಪಟ್ಟಿಗೂ ಮೀರಿದ ಬೆಳಕು.

ಮೊದಲೆರಡರ ಎಫ್/1.8 ನೋಡಿ ಮಾತ್ರ ಮರುಳಾಗಬೇಡಿ. ಅದು 28 ಮಿ.ಮೀ. ತುದಿಯಲ್ಲಷ್ಟೇ ಸಿಗುವ ಬೆಳಕು. ಜೂಮ್ ಮಾಡುತ್ತಾ ಹೋದಂತೆ ಭರ್ರನೆ ಇಳಿದು 100ರ ಹೊತ್ತಿಗೆ 4.9 ಆಗಿರುತ್ತದೆ. ಮೂರನೆಯದರ ಲೆನ್ಸ್ ಕೂಡ ಸ್ವಲ್ಪ ಜೂಮ್ ಮಾಡಿದ ಕೂಡಲೇ 2.8ಕ್ಕೆ ಇಳಿಯುತ್ತದೆ, ಆದರೆ ಅಲ್ಲಿಂದ ಕೊನೆಯವರೆಗೂ ಕೆಳಗಿಳಿಯುವುದಿಲ್ಲ. ಮುಖದ ಚಿತ್ರಕ್ಕೆ ಹಿತವಾದ 70 ಮಿ.ಮೀ.ಯಲ್ಲಿ ಎಫ್/2.8 ಸಿಗುವುದು ಈ ಲೆನ್ಸಿನ ನಿಜವಾದ ಗುಣ. 2014ರಲ್ಲಿ ಸೋನಿ 100ರಿಂದ 70ಕ್ಕೆ ಇಳಿದಾಗ ಜೂಮ್ ಕಡಿಮೆಯಾಯಿತೆಂದು ಗೊಣಗಿದವರಿದ್ದರು. ನನ್ನ ಮಟ್ಟಿಗೆ ಈ ಸಾಲಿನಲ್ಲಿ ಸೋನಿ ಮಾಡಿದ ಅತ್ಯಂತ ವಿವೇಕದ ಕೆಲಸ ಅದೇ.

ಎರಡು ದಾರಿಗಳ ವ್ಯತ್ಯಾಸ ತಿಳಿಯಲು ಒಂದು ಯಕ್ಷಗಾನದ ರಾತ್ರಿ ಸಾಕು. ಆಟ ಶುರುವಾಗುವ ಮುನ್ನ ಚೌಕಿಯೊಳಗೆ ಹೋಗಲು ಬಿಟ್ಟರೆನ್ನಿ. ಬಲ್ಬಿನ ಬೆಳಕು, ಚಕ್ಕಳಮಕ್ಕಳ ಹಾಕಿ ಕೂತು ಕನ್ನಡಿ ಹಿಡಿದು ಮುಖವರ್ಣಿಕೆ ಬರೆದುಕೊಳ್ಳುತ್ತಿರುವ ವೇಷಧಾರಿ, ಎರಡು ಮಾರು ದೂರದಲ್ಲಿ ನೀವು. ಫ್ಲಾಶ್ ಹೊಡೆಯುವುದು ಅನಾಗರಿಕತನ. ಇಲ್ಲಿ ಬೇಕಾದದ್ದು ಅಗಲವಾದ ನೋಟ, ತುಂಬ ಬೆಳಕು. ಮೂರನೆಯದೋ ಐದನೆಯದೋ ಕೈಯಲ್ಲಿದ್ದರೆ ಗೆದ್ದಿರಿ. ಅದೇ ರಾತ್ರಿ ಬಯಲಿನಲ್ಲಿ ಹತ್ತನೆಯ ಸಾಲಿನ ಕುರ್ಚಿಯಲ್ಲಿ ಕೂತು ರಂಗಸ್ಥಳದ ಮೇಲಿನ ಧೀಂಗಿಣವನ್ನು ಹಿಡಿಯಬೇಕೆಂದರೆ 70 ಮಿ.ಮೀ. ಏನಕ್ಕೂ ಸಾಲದು. ವೇಷಕ್ಕಿಂತ ಮುಂದಿನ ಸಾಲಿನವರ ತಲೆಗಳೇ ಹೆಚ್ಚು ಬರುತ್ತವೆ. ಅಲ್ಲಿ ಆರು-ಏಳರ 200 ಮಿ.ಮೀ. ಬೇಕು.

ಆಮೇಲೆ ಕತ್ತರಿಸಿಕೊಂಡರಾಯಿತಲ್ಲ, ಹೇಗೂ 20 ಮೆಗಾಪಿಕ್ಸೆಲ್ ಇದೆ ಎಂದು ಕೆಲವರು ವಾದಿಸುತ್ತಾರೆ. ಲೆಕ್ಕ ಹಾಕಿ ನೋಡೋಣ. 70ರಲ್ಲಿ ತೆಗೆದ ಚಿತ್ರವನ್ನು 200ರ ಚೌಕಟ್ಟಿಗೆ ಕತ್ತರಿಸಿದರೆ ಉದ್ದಗಲ ಎರಡೂ 2.86ರಲ್ಲೊಂದು ಭಾಗಕ್ಕೆ ಇಳಿಯುತ್ತವೆ, ವಿಸ್ತೀರ್ಣ ಎಂಟರಲ್ಲೊಂದು ಭಾಗಕ್ಕೆ. 20 ಮೆಗಾಪಿಕ್ಸೆಲ್‌ನಲ್ಲಿ ಉಳಿಯುವುದು ಎರಡೂವರೆ. ವಾಟ್ಸ್ಆ್ಯಪ್‌ಗೆ ನಡೆಯುತ್ತದೆ, ಗೋಡೆಗೆ ತೂಗುಹಾಕಲು ನಡೆಯದು. ಹಾಗೆಂದು 200ರ ತುದಿಯೂ ಪುಕ್ಕಟೆಯಾಗಿ ಬರುವುದಿಲ್ಲ. ಅಲ್ಲಿ ಸಿಗುವುದು ಎಫ್/4.5. ಎಫ್/2.8ಕ್ಕೆ ಐಎಸ್‌ಒ 1600 ಸಾಕಾಗುವ ಬೆಳಕಿನಲ್ಲಿ ಎಫ್/4.5ಕ್ಕೆ 4000 ದಾಟಬೇಕು. ಗಿರಗಿರನೆ ತಿರುಗುವ ವೇಷ ಕಲಸಿಹೋಗದಿರಲು ಷಟರ್ 1/500ರ ಆಸುಪಾಸಿನಲ್ಲಿರಬೇಕು. ಈ ಎರಡನ್ನೂ ಕೂಡಿಸಿದರೆ ಒಂದು ಇಂಚಿನ ಸೆನ್ಸರ್ ಸುಸ್ತಾಗುವ ಮಟ್ಟಕ್ಕೆ ಬಂದಿರುತ್ತದೆ; ಕಿರೀಟದ ಕಪ್ಪು ಭಾಗಗಳಲ್ಲಿ ಕಾಳುಕಾಳು ಕಾಣತೊಡಗುತ್ತವೆ. ಏಳನೆಯದು ಆಟದ ಬಯಲಿನಲ್ಲಿ ನಿಮಗೆ ಚಿತ್ರ ಕೊಡುತ್ತದೆ, ನಿಜ. ನುಣುಪಾದ ಚಿತ್ರ ಕೊಡುತ್ತದೆ ಎಂದುಕೊಂಡು ಹೋಗಬೇಡಿ.

ಹಗಲಿನಲ್ಲಿ ಇದೇ ಲೆನ್ಸ್ ಬೇರೆಯೇ ಪ್ರಾಣಿ. ಹಳೇಬೀಡಿನ ಹೊರಗೋಡೆಯ ಮೇಲ್ಪಟ್ಟಿಗಳನ್ನು ನಿಂತಲ್ಲಿಂದಲೇ ಹತ್ತಿರಕ್ಕೆ ತರುತ್ತದೆ. ರಂಗನತಿಟ್ಟಿನಲ್ಲಿ ದೋಣಿ ಬಂಡೆಯ ಪಕ್ಕಕ್ಕೆ ಹೋದಾಗ ಬಿಸಿಲು ಕಾಯಿಸುತ್ತ ಬಿದ್ದಿರುವ ಮೊಸಳೆಗೆ 200 ಧಾರಾಳವಾಯಿತು. ಮರದ ತುದಿಯ ಹಕ್ಕಿಗೆ ಸಾಲುವುದಿಲ್ಲ, ಆದರೆ ಅದಕ್ಕೆ ಈ ಸಾಲಿನ ಯಾವ ಕ್ಯಾಮೆರಾವೂ ಸಾಲುವುದಿಲ್ಲ. ಬೇಲೂರಿನ ನವರಂಗದೊಳಗೆ ಕಾಲಿಟ್ಟ ಕ್ಷಣ ಮತ್ತೆ ಪಟ್ಟಿ ತಿರುಗುಮುರುಗಾಗುತ್ತದೆ. ಹೊರಗಿನ ಬಿಸಿಲಿನಿಂದ ಒಳಗೆ ಬಂದರೆ ಕಣ್ಣಿಗೇ ಕತ್ತಲು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅನುಮತಿಯಿಲ್ಲದೆ ಟ್ರೈಪಾಡ್ ಊರುವಂತಿಲ್ಲ. ಕೈಯಲ್ಲೇ ಹಿಡಿದು ತೆಗೆಯಬೇಕು. ಆ ಕಂಬಗಳ ನಡುವೆ, ಮೇಲಿನ ಭುವನೇಶ್ವರಿಯತ್ತ ಕ್ಯಾಮೆರಾ ಎತ್ತಿದಾಗ 24 ಮಿ.ಮೀ.ಗೂ 28ಕ್ಕೂ ಇರುವ ಅಂತರ ಅರಿವಾಗುತ್ತದೆ. ಮೂಲೆಯಿಂದ ಮೂಲೆಗೆ 24ರ ನೋಟದ ಕೋನ ಸುಮಾರು 84 ಡಿಗ್ರಿ, 28ರದು 75. ಹಿಂದೆ ಸರಿಯಲು ಕಂಬ ಬಿಡುವುದಿಲ್ಲವಾದ್ದರಿಂದ ಆ ಒಂಬತ್ತು ಡಿಗ್ರಿಗೆ ಬೆಲೆಯಿದೆ.

ಆರಕ್ಕೆ ಹೋದವರು ಕಳೆದುಕೊಂಡ ಇನ್ನೊಂದು ವಸ್ತು ಎನ್‌ಡಿ ಫಿಲ್ಟರ್. ಮೂರರಿಂದ ಐದರವರೆಗಿನ ಲೆನ್ಸಿನೊಳಗೆ ಒಂದು ಕಪ್ಪುಗಾಜು ಅಡಗಿದೆ. ಗುಂಡಿ ಒತ್ತಿದರೆ ಅಡ್ಡ ಬಂದು ಬೆಳಕನ್ನು ಎಂಟರಲ್ಲೊಂದು ಭಾಗಕ್ಕೆ ಇಳಿಸುತ್ತದೆ. ಮಳೆಗಾಲದ ಮೋಡದ ದಿನ ಅಬ್ಬಿ ಜಲಪಾತದ ಎದುರು ನಿಂತು, ಅಪರ್ಚರ್ ಪೂರ್ತಿ ಕಿರಿದು ಮಾಡಿದರೂ ಷಟರ್ 1/40ರ ಸುಮಾರಿಗೆ ನಿಂತುಬಿಡುತ್ತದೆ ಎಂದುಕೊಳ್ಳಿ. ಎನ್‌ಡಿ ಹಾಕಿದರೆ 1/5 ಸೆಕೆಂಡಿಗೆ ಇಳಿಯುತ್ತದೆ. ನೀರು ರೇಷ್ಮೆಯ ಎಳೆಯಾಗಲು ಅಷ್ಟು ಸಾಕು, ಉಸಿರು ಬಿಗಿಹಿಡಿದರೆ ಕೈಯಲ್ಲೂ ತೆಗೆಯಬಹುದು. ಆರು-ಏಳರ ಲೆನ್ಸಿನಲ್ಲಿ ಇಷ್ಟೊಂದು ಗಾಜು ತುರುಕಿದ ಮೇಲೆ ಎನ್‌ಡಿಗೆ ಜಾಗ ಉಳಿಯಲಿಲ್ಲ. ಹೊರಗಿನಿಂದ ಫಿಲ್ಟರ್ ತಿರುಗಿಸಿ ಕೂರಿಸೋಣವೆಂದರೆ ಈ ಸಾಲಿನ ಯಾವ ಲೆನ್ಸಿಗೂ ತಿರುಪಿನ ಮರೆ ಇಲ್ಲ. ಅಂಟಿಸುವ ಬಳೆಗಳ ಮೊರೆಹೋಗಬೇಕು. ವಿಡಿಯೊ ಮಾಡುವವರಿಗೆ ಈ ಕೊರತೆ ಇನ್ನೂ ಜೋರಾಗಿ ಚುಚ್ಚುತ್ತದೆ.

ಇನ್ನು ಸೆನ್ಸರಿನ ಪೀಳಿಗೆಗಳು. ಜಾಹೀರಾತಿನ ಅಬ್ಬರವೆಲ್ಲ ಇಲ್ಲೇ. ಎರಡನೆಯದರಲ್ಲಿ ಬ್ಯಾಕ್ ಇಲ್ಯುಮಿನೇಟೆಡ್ ಸೆನ್ಸರ್ ಬಂತು: ಬೆಳಕು ಹಿಡಿಯುವ ಪದರದ ಮುಂದೆ ಅಡ್ಡಲಾಗಿದ್ದ ತಂತಿಗಳನ್ನು ಹಿಂದಕ್ಕೆ ಸರಿಸಿದರು, ಮಂದ ಬೆಳಕಿನಲ್ಲಿ ಒಂದಿಷ್ಟು ಸುಧಾರಿಸಿತು. 2015ರ ನಾಲ್ಕನೆಯದರಲ್ಲಿ ಪದರದ ಮೇಲೆ ಪದರ ಪೇರಿಸಿ, ಬೆನ್ನಿಗೇ ಮೆಮೊರಿ ಚಿಪ್ ಅಂಟಿಸಿದ ಸ್ಟ್ಯಾಕ್ಡ್ ಸೆನ್ಸರ್ ಬಂತು. ಇದರಿಂದ ಹೆಚ್ಚಿದ್ದು ಓದುವ ವೇಗ. 1/32000 ಸೆಕೆಂಡಿನ ಸದ್ದಿಲ್ಲದ ಷಟರ್, 4ಕೆ ವಿಡಿಯೊ, ಸೆಕೆಂಡಿಗೆ 1000 ಚಿತ್ರದಂತೆ ತೆಗೆದು 40 ಪಟ್ಟು ನಿಧಾನವಾಗಿ ತೋರಿಸುವ ಚಮತ್ಕಾರ, ಎಲ್ಲವೂ ಆ ವೇಗದ ಫಲ. ಚಿತ್ರದ ಗುಣಮಟ್ಟ? ನಿಂತ ದೇವಸ್ಥಾನವನ್ನು, ಕೂತ ಅಜ್ಜಿಯನ್ನು ಮೂರರಲ್ಲೂ ಏಳರಲ್ಲೂ ಒಂದೇ ಎಫ್ ಸಂಖ್ಯೆ, ಒಂದೇ ಐಎಸ್‌ಒ ಇಟ್ಟು ತೆಗೆದು ಅಕ್ಕಪಕ್ಕ ಇಟ್ಟರೆ ಯಾವುದು ಯಾವುದೆಂದು ಹೇಳಬಲ್ಲವರು ಕಡಿಮೆ. ಮೆಗಾಪಿಕ್ಸೆಲ್ ಕೂಡ ಮೊದಲಿನಿಂದ ಕೊನೆಯವರೆಗೆ 20ರಲ್ಲೇ ನಿಂತಿದೆ.

ಅಂಕಿ ಏರಿದ್ದಕ್ಕೆ ನಿಜವಾದ ಅರ್ಥ ಇರುವುದು ಫೋಕಸ್ ವಿಷಯದಲ್ಲಿ. ನಾಲ್ಕರವರೆಗೆ ಕ್ಯಾಮೆರಾ ಕಾಂಟ್ರಾಸ್ಟ್ ನೋಡಿಕೊಂಡು ಫೋಕಸ್ ಹುಡುಕುತ್ತದೆ. ಲೆನ್ಸನ್ನು ಹಿಂದೆ ಮುಂದೆ ಆಡಿಸಿ, ಎಲ್ಲಿ ಚುರುಕಾಯಿತೆಂದು ನೋಡಿ ನಿಲ್ಲುವ ವಿಧಾನ. ನಿಂತವರಿಗೆ ಅದು ಸಾಕು. 2016ರ ಐದನೆಯದರಿಂದ ಸೆನ್ಸರಿನ ಮೇಲೆಯೇ ಫೇಸ್ (phase) ಡಿಟೆಕ್ಷನ್ ಬಿಂದುಗಳು ಬಂದವು, ಮೊದಲಿಗೆ 315, ಏಳರಲ್ಲಿ 357. ಯಾವ ಕಡೆಗೆ ಎಷ್ಟು ಸರಿಯಬೇಕೆಂದು ಇವಕ್ಕೆ ಮೊದಲೇ ಗೊತ್ತಾಗುತ್ತದೆ. ನಿಮ್ಮತ್ತ ಓಡಿಬರುವ ಮಗುವಿನ ಹತ್ತು ಚಿತ್ರ ತೆಗೆದರೆ ಮೂರನೆಯದರಲ್ಲಿ ಚುರುಕಾಗಿ ಬರುವುದು ಕೆಲವೇ. ಐದರಲ್ಲಿ ಬಹುಪಾಲು ಬರುತ್ತವೆ. ಏಳನೆಯದು ಇನ್ನೂ ಮುಂದೆ ಹೋಗಿ ಕಣ್ಣನ್ನೇ ಹಿಡಿದುಕೊಂಡು ಹಿಂಬಾಲಿಸುತ್ತದೆ. ಮನೆಯಲ್ಲಿ ಎರಡು ವರ್ಷದ ತುಂಟ ಇದ್ದರೆ ಐದಕ್ಕಿಂತ ಕೆಳಗಿಳಿಯಬೇಡಿ ಎಂದು ನಾನು ಕಣ್ಣುಮುಚ್ಚಿ ಹೇಳುತ್ತೇನೆ. ಈ ಕಾರಣಕ್ಕೇ ನಾಲ್ಕನೆಯದು ನನಗೆ ಎಡಬಿಡಂಗಿ ಎನಿಸುತ್ತದೆ: ವೇಗದ ಸೆನ್ಸರ್ ಇದೆ, ಅದಕ್ಕೆ ತಕ್ಕ ಫೋಕಸ್ ಇಲ್ಲ. ನಿಧಾನಗತಿಯ ವಿಡಿಯೊದ ಹುಚ್ಚಿದ್ದವರು ಮಾತ್ರ ಅದನ್ನು ಹುಡುಕಬೇಕು.

ಸದ್ದಿಲ್ಲದ ಷಟರಿನ ಬಗ್ಗೆ ಒಂದು ಎಚ್ಚರಿಕೆ. ವೇದಿಕೆಯ ಎಲ್‌ಇಡಿ ದೀಪಗಳು ಕಣ್ಣಿಗೆ ಕಾಣದಷ್ಟು ವೇಗವಾಗಿ ಮಿಣುಕುತ್ತಿರುತ್ತವೆ. ಎಲೆಕ್ಟ್ರಾನಿಕ್ ಷಟರ್ ಸಾಲುಸಾಲಾಗಿ ಓದುವುದರಿಂದ ಚಿತ್ರದ ತುಂಬ ಅಡ್ಡಪಟ್ಟಿಗಳು ಬೀಳಬಹುದು. ಅಂಥಲ್ಲಿ ಮೆಕ್ಯಾನಿಕಲ್ ಷಟರಿಗೆ ಬದಲಾಯಿಸಿ. ಈ ಕ್ಯಾಮೆರಾಗಳ ಷಟರ್ ಲೆನ್ಸಿನೊಳಗೇ ಇರುವುದರಿಂದ ಅದರ ಸದ್ದು ಪಕ್ಕದವರಿಗೂ ಕೇಳಿಸುವುದಿಲ್ಲ.

ಚಿಕ್ಕಪುಟ್ಟವೆಂದು ತಳ್ಳಿಹಾಕುವ ಸಂಗತಿಗಳೇ ದಿನಬಳಕೆಯಲ್ಲಿ ಕಾಡುವುದು. ಒಂದು ಮತ್ತು ಎರಡರಲ್ಲಿ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಹಿಂದಿನ ಪರದೆ ಕನ್ನಡಿಯಾಗಿ ನಿಮ್ಮ ಮುಖವನ್ನೇ ತೋರಿಸುತ್ತದೆ. ಮೂರರಿಂದ ಮುಂದೆ ಮೂಲೆಯಿಂದ ಚಿಮ್ಮಿ ಮೇಲೇಳುವ ಪುಟ್ಟ ವ್ಯೂಫೈಂಡರ್ ಇದೆ; ನಾಲ್ಕರಿಂದ ಅದು ಇನ್ನೂ ಸ್ಪಷ್ಟ. ಐದರವರೆಗೆ ಅದು ಎದ್ದ ಮೇಲೆ ಕಣ್ಣಿನ ಕಡೆಯ ತುಂಡನ್ನು ಉಗುರಿನಿಂದ ಹೊರಕ್ಕೆಳೆಯಬೇಕು, ಆರರಿಂದ ಒಂದೇ ಏಟಿಗೆ ಸಿದ್ಧ. ಪರದೆ ಮುಟ್ಟಿ ಫೋಕಸ್ ಮಾಡುವ ಸೌಲಭ್ಯ ಆರು-ಏಳಕ್ಕಷ್ಟೇ. ಫೋನಿಗೆ ಒಗ್ಗಿದ ಬೆರಳು ಐದನೆಯದರ ಪರದೆಯನ್ನು ಮುಟ್ಟಿ ಮುಟ್ಟಿ ಸೋಲುತ್ತದೆ. ಹೊರಗಿನ ಮೈಕ್ ಚುಚ್ಚುವ ತೂತು ಏಳನೆಯದಕ್ಕೆ ಮಾತ್ರ. ಮೇಲೆ ಫ್ಲಾಶ್ ಕೂರಿಸುವ ಶೂ ಇರುವುದು ಎರಡನೆಯದಕ್ಕೆ ಮಾತ್ರ. ಆದರೆ ಒಳಗಿನ ಪುಟ್ಟ ಫ್ಲಾಶನ್ನೇ ಬೆರಳಿನಿಂದ ಹಿಂದಕ್ಕೆ ಬಾಗಿಸಿ ಬೆಳಕನ್ನು ತಾರಸಿಗೆ ಹೊಡೆಸಬಹುದು. ಬಿಳಿ ಸೀಲಿಂಗ್ ಇರುವ ಕೋಣೆಯಲ್ಲಿ ನಾಮಕರಣದ ಚಿತ್ರಗಳಿಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಮೈ ಮಾತ್ರ ಎಲ್ಲದರದೂ ಸೋಪಿನಷ್ಟು ಜಾರು. ಅಂಟಿಸುವ ಹಿಡಿಕೆಯೊಂದನ್ನು ಸೋನಿಯೇ ಬೇರೆಯಾಗಿ ಮಾರುತ್ತದೆ. ಇದಕ್ಕೂ ದುಡ್ಡು ಕೇಳುತ್ತಾರಲ್ಲ ಎಂದು ಸಿಟ್ಟು ಬಂದರೂ ಕೊಂಡುಬಿಡಿ, ಕೈಯಿಂದ ಒಮ್ಮೆ ಬಿದ್ದರೆ ಆಗುವ ಖರ್ಚಿನ ಮುಂದೆ ಅದು ಏನೂ ಅಲ್ಲ.

ಬ್ಯಾಟರಿ ಎಲ್ಲ ಏಳಕ್ಕೂ ಒಂದೇ, ಎನ್‌ಪಿ-ಬಿಎಕ್ಸ್1. ಕ್ಯಾಮೆರಾ ಚುರುಕಾದಷ್ಟೂ ಬ್ಯಾಟರಿ ಬೇಗ ಬಸವಳಿಯುತ್ತದೆ. ನಿಗದಿತ ಪರೀಕ್ಷೆಯ ಪ್ರಕಾರ ಮೊದಲನೆಯದು ಒಂದು ಚಾರ್ಜಿಗೆ 330 ಚಿತ್ರ ಕೊಟ್ಟರೆ ಐದನೆಯದು ಕೊಡುವುದು 220. ಆರರಲ್ಲಿ 240, ಏಳರಲ್ಲಿ 260. ಮದುವೆ ಮನೆಗೆ ಒಂದೇ ಬ್ಯಾಟರಿ ನೆಚ್ಚಿ ಹೋದರೆ ಮುಹೂರ್ತದ ಹೊತ್ತಿಗೆ ಕೈಕೊಡುತ್ತದೆ. 4ಕೆ ವಿಡಿಯೊದ ಕಥೆಯೂ ಇಂಥದ್ದೇ: ಇಷ್ಟು ಚಿಕ್ಕ ಮೈಗೆ ಬಿಸಿ ಹೊರಹಾಕಲು ಜಾಗವಿಲ್ಲದೆ ನಾಲ್ಕು-ಐದರಲ್ಲಿ ಒಂದು ಬಾರಿಗೆ ಸುಮಾರು ಐದು ನಿಮಿಷಕ್ಕೆ ತಡೆ ಹಾಕಿದ್ದಾರೆ. ಭಾಷಣ, ಕಛೇರಿ ಪೂರ್ತಿ ಹಿಡಿಯುವ ಉದ್ದೇಶವಿದ್ದರೆ ಈ ಸಾಲನ್ನೇ ಮರೆತುಬಿಡಿ.

ಕ್ಯಾಮೆರಾದ ಎದುರು ತಾವೇ ನಿಂತು ಮಾತಾಡುವವರಿಗೆ ಸೋನಿ 2020ರಲ್ಲಿ ಜೆಡ್‌ವಿ-1 ಎಂಬುದನ್ನು ಪ್ರತ್ಯೇಕವಾಗಿ ಮಾಡಿತು. ಹೆಸರು ಬೇರೆ, ಒಳಗಿನ ಲೆನ್ಸಿನ ಅಳತೆ ಐದನೆಯದರದೇ: 24ರಿಂದ 70, ಎಫ್/1.8ರಿಂದ 2.8. ಎನ್‌ಡಿ ಇದೆ, ಮೈಕ್ ತೂತು ಇದೆ, ಪಕ್ಕಕ್ಕೆ ತೆರೆದುಕೊಳ್ಳುವ ಪರದೆ ಇದೆ. ವ್ಯೂಫೈಂಡರ್ ಮತ್ತು ಒಳಗಿನ ಫ್ಲಾಶನ್ನು ತೆಗೆದುಹಾಕಿದ್ದಾರೆ. ಅಡುಗೆಯ ಚಾನೆಲ್ ನಡೆಸುವವರು ಏಳನೆಯದಕ್ಕೆ ಹಣ ಸುರಿಯುವ ಬದಲು ಇದನ್ನು ನೋಡಲಿ.

ಇಷ್ಟೆಲ್ಲ ಆದ ಮೇಲೆ ನನ್ನ ತೀರ್ಪು. ಮನೆಮಂದಿ, ಹಬ್ಬ, ಸಂಜೆಯ ಬೀದಿ, ಗುಡಿಯ ಒಳಾಂಗಣ ನಿಮ್ಮ ವಿಷಯವಾದರೆ 5ಎ. ಅದು ಸಿಗದಿದ್ದರೆ ಅಥವಾ ದುಬಾರಿಯೆನಿಸಿದರೆ, ಓಡುವವರ ಹಿಂದೆ ನೀವು ಓಡುವುದಿಲ್ಲವಾದರೆ, ಮೂರನೆಯದು. ಐದಕ್ಕೂ 5ಎಗೂ ಲೆನ್ಸ್, ಸೆನ್ಸರ್ ಒಂದೇ. 2018ರ 5ಎಯಲ್ಲಿ ಆರನೆಯದರ ಪ್ರೊಸೆಸರ್ ಹಾಕಿ, ಬೆನ್ನುಬೆನ್ನಿಗೆ ತೆಗೆಯುವ ಚಿತ್ರಗಳ ಮಿತಿಯನ್ನು 150ರಿಂದ 233ಕ್ಕೆ ಏರಿಸಿದರು. ವರ್ಷಕ್ಕೆರಡು ಪ್ರವಾಸ ಹೋಗುವವರು, ಹಗಲು ಬೆಳಕಿನಲ್ಲೇ ತೆಗೆಯುವವರು, ಶಾಲಾ ವಾರ್ಷಿಕೋತ್ಸವದಲ್ಲಿ ಹಿಂದಿನ ಸಾಲಿನ ಕುರ್ಚಿ ಸಿಗುವ ತಂದೆತಾಯಿ ಏಳನೆಯದಕ್ಕೆ ಹೋಗಲಿ. ಆರನೆಯದನ್ನು ಏಳಕ್ಕಿಂತ ತೀರಾ ಅಗ್ಗವಾಗಿ ಸಿಕ್ಕರೆ ಮಾತ್ರ ಕೊಳ್ಳಿ, ಅದೇ ಲೆನ್ಸ್ ತಾನೆ. ಕಾಲೇಜು ಹುಡುಗರ ಕೈಗೆ, ಕಲಿಯುವ ಹಂಬಲಕ್ಕೆ, ಮೊದಲನೆಯದು ಈಗಲೂ ತಕ್ಕುದೇ. ಏಳರಲ್ಲಿ ಅತ್ಯಂತ ತೆಳ್ಳಗಿರುವುದು, ನಿಜವಾಗಿ ಪ್ಯಾಂಟಿನ ಜೇಬಿನಲ್ಲಿ ಹಿಡಿಸುವುದು ಅದೊಂದೇ. ಏಳನೆಯದು 302 ಗ್ರಾಂ, ದಪ್ಪ 43 ಮಿ.ಮೀ. ಹತ್ತಿರ. ಕಾಗದದ ಮೇಲೆ ವ್ಯತ್ಯಾಸ ಅಲ್ಪ, ಜೇಬಿಗೆ ಅಲ್ಪವಲ್ಲ.

ಏಳನೆಯದು ಬಂದು ಐದು ವರ್ಷ ಕಳೆದರೂ ಎಂಟನೆಯದು ಬರಲಿಲ್ಲ. ಹಾಗಾಗಿ ಹೆಚ್ಚಿನವರಿಗೆ ಇನ್ನು ಸಿಗುವುದು ಬಳಸಿದ್ದೇ. ಮಾರುವವರು ಅಂಕಿಯನ್ನು ಬಾಯಲ್ಲಿ ಹೇಳಿದರೆ ನಂಬದೆ ಕ್ಯಾಮೆರಾದ ಅಡಿ ತಿರುಗಿಸಿ ನೋಡಿ: ‘ಎಂ3’, ‘ಎಂ5ಎ’ ಎಂದು ಮಾದರಿಯ ಗುರುತು ಅಲ್ಲಿರುತ್ತದೆ. ಹತ್ತು ಬಾರಿ ಆನ್ ಮಾಡಿ ಆಫ್ ಮಾಡಿ. ಲೆನ್ಸ್ ಹೊರಗೆ ಬರುವಾಗ ಮರಳು ತಿಕ್ಕಿದ ಸದ್ದು ಕೇಳಿದರೆ, ಲೆನ್ಸಿನ ಮುಂದಿನ ತೆಳು ರೆಪ್ಪೆಗಳು ಅರ್ಧ ಮುಚ್ಚಿ ನಿಂತರೆ, ಎದ್ದು ಬನ್ನಿ. ಅಪರ್ಚರನ್ನು ಎಫ್/11ಕ್ಕೆ ಇಟ್ಟು ಬಿಳಿ ಗೋಡೆಯ ಚಿತ್ರ ತೆಗೆದು ಹಿಗ್ಗಿಸಿ ನೋಡಿ. ಕಪ್ಪು ಚುಕ್ಕೆ ಕಂಡರೆ ಸೆನ್ಸರಿನ ಮೇಲೆ ಧೂಳು ಕೂತಿದೆ. ಲೆನ್ಸ್ ಕಳಚಿ ಒರೆಸುವ ಕ್ಯಾಮೆರಾ ಅಲ್ಲ ಇದು, ಪೂರ್ತಿ ಬಿಚ್ಚಬೇಕಾಗುತ್ತದೆ. ವ್ಯೂಫೈಂಡರನ್ನು ಏಳಿಸಿ ಕೂರಿಸಿ, ಫ್ಲಾಶನ್ನು ಹಾರಿಸಿ, ಪರದೆಯನ್ನು ಬಾಗಿಸಿ ಬೆಳಕು ಮಿಣುಕುತ್ತದೆಯೇ ಪರೀಕ್ಷಿಸಿ.

ಹೊರದೇಶದಲ್ಲಿರುವ ಮಗಳೋ ಭಾವನೋ ಬರುವಾಗ ತರಿಸುವ ಯೋಚನೆಯಿದ್ದರೆ ಇಲ್ಲಿನ ವಾರಂಟಿ ಇಲ್ಲವೆಂದೇ ಲೆಕ್ಕ ಹಾಕಿ ಬೆಲೆ ಹೋಲಿಸಿ. ಅಮೆರಿಕದಿಂದ ತಂದದ್ದು ಸೆಕೆಂಡಿಗೆ 60 ಚೌಕಟ್ಟಿನ ಲೆಕ್ಕದಲ್ಲಿ ವಿಡಿಯೊ ತೆಗೆಯುವಂತೆ ಹೊಂದಿಸಿರುತ್ತದೆ. ನಮ್ಮ ವಿದ್ಯುತ್ತಿನದು 50ರ ಲೆಕ್ಕ. ಟ್ಯೂಬ್‌ಲೈಟಿನಡಿ ಚಿತ್ರ ಮಿಣುಕಿದರೆ ಷಟರನ್ನು ಕೈಯಾರೆ 1/50ಕ್ಕೋ 1/100ಕ್ಕೋ ಇಡಿ, ನಿಲ್ಲುತ್ತದೆ. ಜಪಾನಿನಲ್ಲಿ ಅಗ್ಗವಾಗಿ ಸಿಕ್ಕಿತೆಂದು ಯಾರಾದರೂ ಫೋನ್ ಮಾಡಿದರೆ ಸ್ವಲ್ಪ ತಾಳಲು ಹೇಳಿ. ಅಲ್ಲಿನ ಮಾರುಕಟ್ಟೆಗೆಂದು ಮಾಡಿದ ಸೋನಿ ಕ್ಯಾಮೆರಾಗಳ ಮೆನು ಜಪಾನಿ ಭಾಷೆಯಲ್ಲಿ ಮಾತ್ರ ಇರುತ್ತದೆ, ಬದಲಾಯಿಸುವ ಆಯ್ಕೆ ಇರುವುದಿಲ್ಲ. ದುಡ್ಡು ಕೊಡುವ ಮುನ್ನ ಮೆನುವಿನಲ್ಲಿ ಭಾಷೆಯ ಪುಟ ತೆರೆದು, ಅದರ ಫೋಟೊ ಕಳಿಸಲಿ.